ಮೊದಲ ಬೇಟೆ ರೈಫಲ್: ಹಳೇ ರೆಮಿಂಗ್ಟನ್ 700 ತಗೊಳ್ಳೋದಾ, ಹೊಸದು ತಗೊಳ್ಳೋದಾ? (ಟೆಕ್ಸಸ್, ಎಚ್-1ಬಿ)

ರೌಂಡ್‌ರಾಕ್_ರಾಘು:

ಎಲ್ರಿಗೂ ನಮಸ್ಕಾರ, ಇಲ್ಲಿ ಬೇಟೆ ಆಡೋ ಕನ್ನಡದವ್ರು ಒಂದಷ್ಟು ಜನ ಇದೀರ ಅಂತ ಹಳೇ ಪೋಸ್ಟ್‌ಗಳಲ್ಲಿ ನೋಡಿದೆ, ಅದಕ್ಕೇ ಕೇಳ್ತಿದೀನಿ. ಆಸ್ಟಿನ್ ಹತ್ರ ರೌಂಡ್ ರಾಕ್‌ನಲ್ಲಿದೀನಿ, ಊರು ಕಡೂರು. ಆಫೀಸಲ್ಲಿ ನಮ್ಮ ಟೀಮಿನ ಹಿರಿಯರೊಬ್ರದ್ದು ಲಾನೋ ಕಡೆ ರಾಂಚ್ ಇದೆ, ನವೆಂಬರ್ ಮೊದಲ ಶನಿವಾರ ಸೀಸನ್ ಶುರುವಾದಾಗ ವೈಟ್‌ಟೇಲ್ ಜಿಂಕೆಗೆ ನೀನೂ ಬಾ ಅಂತ ಕರೀತಿದಾರೆ, ಜಿಂಕೆ ಸಿಗದಿದ್ರೂ ಕಾಡುಹಂದಿ ಗ್ಯಾರಂಟಿ ಅಂತೆ, ಹುಲ್ಲುಗಾವಲನ್ನೆಲ್ಲ ಉತ್ತು ಹಾಕಿಬಿಟ್ಟಿವೆಯಂತೆ.

ವಿಷ್ಯ ಏನಂದ್ರೆ ಅವರ ಹತ್ರ ಅವರಪ್ಪನ ಕಾಲದ ರೆಮಿಂಗ್ಟನ್ 700 ಒಂದಿದೆ, .30-06 (ಅದು ಹಾರಿಸೋ ಗುಂಡಿನ ಸೈಜು), 1970ರ ದಶಕದ್ದು, ಮೇಲೊಂದು ಹಳೇ ಸ್ಕೋಪೂ ಇದೆ, 350 ಡಾಲರ್‌ಗೆ ಕೊಟ್ಬಿಡ್ತೀನಿ ಅಂತಿದಾರೆ. ನೋಡೋಕೆ ಸಖತ್ತಾಗಿದೆ, ವಾಲ್‌ನಟ್ ಮರದ ಸ್ಟಾಕು, ಈಗಿನ ಪ್ಲಾಸ್ಟಿಕ್ ಥರ ಅಲ್ಲ. ಆದ್ರೆ ಯೂಟ್ಯೂಬ್ ನೋಡಿದ್ರೆ ರೂಗರ್ ಅಮೆರಿಕನ್ ರೈಫಲ್ ತಗೋ ಅಂತ ಒಬ್ಬ, ಟಿಕ್ಕಾ ಬಿಟ್ರೆ ಬೇರೆ ಮುಟ್ಟಬೇಡ ಅಂತ ಇನ್ನೊಬ್ಬ, 6.5 ಕ್ರೀಡ್‌ಮೂರ್ ಗುಂಡು ಇಲ್ದೆ ಜೀವನಾನೇ ವೇಸ್ಟು ಅನ್ನೋನು ಮತ್ತೊಬ್ಬ, ಅದು ಬರೀ ಶೋಕಿ .308 ತಗೋ ಅನ್ನೋನು ಮಗದೊಬ್ಬ, ತಲೆ ಕೆಟ್ಟೋಗಿದೆ. ರೆಮಿಂಗ್ಟನ್ 700 ಟ್ರಿಗರ್ ಮುಟ್ಟದೇ ತಾನಾಗೇ ಹಾರತ್ತೆ ಅಂತಾನೂ ಎಲ್ಲೋ ಓದಿದೆ, ನಿಜಾನಾ ಅಥವಾ ಲಾಯರ್‌ಗಳು ಎಬ್ಬಿಸಿದ ಗುಲ್ಲಾ?

ನಾನು ಇದುವರೆಗೂ ಹೊಡೆದಿರೋದು ಎನ್‌ಸಿಸಿ ಕ್ಯಾಂಪಲ್ಲಿ .22 ಅಷ್ಟೇ. ಎಚ್-1ಬಿಲಿದೀನಿ, ಗ್ರೀನ್ ಕಾರ್ಡ್ ಕ್ಯೂ ಕಥೆ ಗೊತ್ತೇ ಇದೆಯಲ್ಲ. ಮನೇಲಿ ಆರು ವರ್ಷದ ಮಗಳಿದಾಳೆ, ಬಂದೂಕು ಮನೆಗೆ ಬರೋದೇ ಹೆಂಡ್ತಿಗೆ ಇಷ್ಟ ಇಲ್ಲ, ಸೇಫ್ಟಿ ಬಗ್ಗೆ ಅವಳಿಗೆ ಸಮಾಧಾನ ಆಗೋ ಹಾಗೆ ಯಾರಾದ್ರೂ ಹೇಳಿದ್ರೆ ಪುಣ್ಯ ಬರತ್ತೆ.

ಹಳೇ_ಹ್ಯೂಸ್ಟನ್:

ರಾಘು, ರೈಫಲ್ ಆಮೇಲೆ, ಮೊದ್ಲು ವೀಸಾ. ನಮ್ಮವ್ರು ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದಿರೋರು ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋ ಹಾಗಿಲ್ಲ, ಎಚ್-1ಬಿ, ಎಲ್-1, ಎಫ್-1, ಬಿ-2 ಎಲ್ಲಾ ಅದರೊಳಗೇ ಬರ್ತವೆ. ಆದ್ರೆ ಒಂದು ವಿನಾಯ್ತಿ ಇದೆ, ಇಲ್ಲಿನ ಯಾವುದಾದ್ರೂ ರಾಜ್ಯ ಕೊಟ್ಟಿರೋ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ರ ಇದ್ರೆ ತಗೋಬಹುದು, ಇಟ್ಕೋಬಹುದು. ಇಟ್ಕೊಳ್ಳೋದು ಅಂದ್ರೆ ದುಡ್ಡು ಕೊಟ್ಟು ಕೊಂಡ್ಕೊಳ್ಳೋದು ಮಾತ್ರ ಅಂದ್ಕೋಬೇಡಿ, ರೇಂಜಲ್ಲಿ ಬಾಡಿಗೆ ಬಂದೂಕು ಹೊಡೆಯೋದೂ, ರಾಂಚಲ್ಲಿ "ಒಂದ್ಸಲ ಹಿಡ್ಕೊಂಡ್ ನೋಡು" ಅಂತ ಅವರು ಕೊಟ್ಟಾಗ ಕೈಗೆ ತಗೊಳ್ಳೋದೂ ಅದರಲ್ಲಿ ಸೇರತ್ತೆ. ಹಾಗಾಗಿ ಲೈಸೆನ್ಸ್ ಕೈಗೆ ಬರೋವರೆಗೂ ಏನನ್ನೂ ಮುಟ್ಟಬೇಡಿ. ಗ್ರೀನ್ ಕಾರ್ಡ್ ಇರೋರಿಗೆ ಈ ತಲೆನೋವಿಲ್ಲ.

ಲೈಸೆನ್ಸ್ ಕಷ್ಟ ಏನಲ್ಲ. ಟೆಕ್ಸಸಲ್ಲಿ 1971 ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದೋರು ಹಂಟರ್ ಎಜುಕೇಷನ್ ಮಾಡ್ಲೇಬೇಕು, 17 ದಾಟಿದೋರು ಪೂರ್ತಿ ಆನ್‌ಲೈನಲ್ಲೇ ಮುಗಿಸಬಹುದು, ಆದ್ರೂ ಕ್ಲಾಸಿಗೆ ಹೋಗಿ ಅಂತೀನಿ, ಕೈಯಲ್ಲಿ ಹಿಡ್ದು ತೋರಿಸ್ತಾರೆ. ಆರು ತಿಂಗಳು ಇಲ್ಲೇ ವಾಸ ಇದ್ರೆ ರೆಸಿಡೆಂಟ್ ಲೈಸೆನ್ಸು, 25 ಡಾಲರ್. ಅಂಗಡೀಲಿ 4473 ಅಂತ ಫಾರಂ ತುಂಬಿಸ್ತಾರೆ, ವೀಸಾದ ಪ್ರಶ್ನೆ ಅದರಲ್ಲೇ ಇದೆ, ಐ-94 (ಅಮೆರಿಕಕ್ಕೆ ಬಂದಾಗಿನ ಪ್ರವೇಶ ದಾಖಲೆ) ನಂಬರೂ ಹಂಟಿಂಗ್ ಲೈಸೆನ್ಸೂ ಜೊತೇಲಿರ್ಲಿ. ಸಹೋದ್ಯೋಗಿ ಹತ್ರಾನೇ ತಗೊಂಡ್ರೂ ಸುಮ್ನೆ ಕೈಯಿಂದ ಕೈಗೆ ಇಸ್ಕೋಬೇಡಿ, ಕಾನೂನಲ್ಲಿ ಹಾಗೆ ಮಾಡೋಕೆ ಅವಕಾಶ ಇದ್ರೂ ಸಹ, ಒಬ್ಬ ಲೈಸೆನ್ಸ್ ಇರೋ ಡೀಲರ್ ಮೂಲಕ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ. ಗ್ರೀನ್ ಕಾರ್ಡ್‌ಗೆ ಕಾಯ್ತಿರೋ ಮನುಷ್ಯ ನೀವು, ಕಾಗದ ಇರಬೇಕು.

ಇನ್ನೊಂದು, ಊರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗ ಅಪ್ಪನ ಕೈಗೆ ರೈಫಲ್ ಕೊಟ್ಟು ಫೋಟೋ ತೆಗೆದು ವಾಟ್ಸಾಪಿಗೆ ಹಾಕೋ ಚಾಳಿ ಇದೆ ನಮ್ಮವರಲ್ಲಿ. ಅದೂ ಅಪರಾಧವೇ.

ಬೋಲ್ಟ್_ಬಸು:

ರಾಘು ಅವರ, 700ದ್ದು ಗುಲ್ಲಲ್ರಿ, ಖರೇ ಅದ. ನಾ ಶನಿವಾರ ರವಿವಾರ ಒಬ್ಬ ಗನ್‌ಸ್ಮಿತ್ ಕಡೆ ಕೈಗೂಡಿಸ್ತೀನಿ, ಇಂಥಾ ಹಳೇ 700 ಮ್ಯಾಲಿಂದ ಮ್ಯಾಲೆ ಬರ್ತಾವು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ತಾಳ್ಮಿ ಇರ್ಲಿ.

ಆ ಬಂದೂಕು 1962ರಾಗ ಬಂತು, ಒಳಗ ಇರೋದು ವಾಕರ್ ಟ್ರಿಗರ್ ಅಂತ. ಬ್ಯಾರೆ ಟ್ರಿಗರ್‌ಗಳೊಳಗ ಟ್ರಿಗರ್ ತುಂಡೇ ಸೀದಾ, ಗುಂಡು ಹೊಡಿಯೋ ಪಿನ್ ತಡದು ನಿಲ್ಲಿಸೋ ಸಿಯರ್‌ನ್ನ ಹಿಡಿದಿರ್ತದ, ಇದರಾಗ ಹಂಗಲ್ಲ, ನಡುವೆ ಕನೆಕ್ಟರ್ ಅಂತ ಒಂದು ತೆಳ್ಳನ ಪಟ್ಟಿ ಅದ, ಅದು ಟ್ರಿಗರ್‌ಗೆ ಅಂಟಿಕೊಂಡಿಲ್ಲ, ಸ್ಪ್ರಿಂಗ್ ಒತ್ತಡದ ಮ್ಯಾಲೆ ಕುಂತಿರ್ತದ. ಪ್ರತಿ ಸಲ ಗುಂಡು ಹಾರಿದಾಗ ಅದು ಟ್ರಿಗರ್ ಬಿಟ್ಟು ಸರಿದು ಮತ್ತ ವಾಪಸ್ ಬರಬೇಕು. ನಲವತ್ತೈವತ್ತು ವರ್ಷದ ಎಣ್ಣಿ ಗಟ್ಟಿಯಾಗಿ, ಧೂಳು ಕುಂತು, ತುಕ್ಕು ಹಿಡಿದು ಅದು ಪೂರ್ತಿ ವಾಪಸ್ ಬರಲಿಲ್ಲ ಅಂದ್ರ, ಚಿಲಕ ತುದಿಗಷ್ಟ ಸಿಕ್ಕ ಬಾಗಲಾ ಇದ್ದಂಗ, ಸಿಯರ್ ಅಂಚಿನ ಮ್ಯಾಲೆ ನಿಂತಿರ್ತದ. ಆಮ್ಯಾಲೆ ನೀವು ಸೇಫ್ಟಿ (ಟ್ರಿಗರ್ ತಡದು ಹಿಡಿಯೋ ಸಣ್ಣ ಗುಂಡಿ) ತಗದ್ರಿ ಅಂದ್ರ, ಇಲ್ಲಾ ಬೋಲ್ಟ್ (ಗುಂಡು ಒಳಗ ಹೊರಗ ಮಾಡಾಕ ಕೈಲೆ ಹಿಂದ ಮುಂದ ಎಳಿಯೋ ಭಾಗ) ಮುಟ್ಟಿದ್ರಿ ಅಂದ್ರ, ಬೆರಳು ಟ್ರಿಗರ್ ಮ್ಯಾಲೆ ಇಲ್ದನ ಗುಂಡು ಹಾರಬಹುದು. ಇದರಿಂದ ಜೀವ ಹೋಗ್ಯಾವು, ಕೇಸ್ ನಡದಾವು, 2010ರಾಗ ಟೀವಿಯೊಳಗೂ ದೊಡ್ಡ ಸುದ್ದಿ ಆತು. ಕಂಪನಿ ಮಾತ್ರ ಡಿಸೈನ್ ಸರಿ ಅದ ಅಂತನ ಹೇಳ್ಕೋತ ಬಂತು.

ಈಗ ನಿಮ್ಮ ಬಂದೂಕಿನ ಇನ್ನೊಂದು ಫಜೀತಿ ಕೇಳ್ರಿ. 1982ಕ್ಕಿಂತ ಹಿಂದಿನ 700ದೊಳಗ ಸೇಫ್ಟಿ ಹಾಕಿದ್ರ ಬೋಲ್ಟೂ ಲಾಕ್ ಆಗ್ತದ. ಅಂದ್ರ ಗುಂಡು ಹೊರಗ ತಗೀಬೇಕಂದ್ರ ಮೊದಲ ಸೇಫ್ಟಿ ತಗೀಬೇಕು, ಯಾವ ಕ್ಷಣದೊಳಗ ಅದು ಕೈಕೊಡ್ತದೋ ಸರಿಯಾಗಿ ಆ ಕ್ಷಣ! ಎಡಿಎಲ್ ಮಾಡೆಲ್ ಇದ್ರ ಮ್ಯಾಗಜಿನ್ (ಗುಂಡು ತುಂಬಿಡೋ ಜಾಗ) ಕೆಳಗ ತೆರಿಯೂದೂ ಇಲ್ಲ, ಒಳಗಿರೋ ಒಂದೊಂದು ಗುಂಡನ್ನೂ ಬೋಲ್ಟ್ ಹಿಂದ ಮುಂದ ಮಾಡಿ ಮ್ಯಾಲಿಂದನ ಹೊರಗ ಹಾಕಬೇಕು. ದಿನಾ ಸಂಜಿಕ ಬೇಟಿ ಮುಗಿಸಿ ಟ್ರಕ್ ಕಡೆ ಬಂದಾಗ ಈ ಕೆಲಸ ಆಗಬೇಕಲ್ರಿ, ಅಲ್ಲೇ ಮಂದಿ ಇರ್ತಾರ, ನಾಯಿ ಇರ್ತದ.

ಟ್ರಿಗರ್ ಮುಖದ ಮ್ಯಾಲೆ ಉದ್ದುದ್ದ ಗೆರಿ ಇದ್ರ ಅದು ವಾಕರ್. ನುಣ್ಣಗಿದ್ರ ಎಕ್ಸ್-ಮಾರ್ಕ್ ಪ್ರೊ ಅಂತ, ಅದು 2006ರಿಂದ ಈಚೆಗೆ ಬಂದದ್ದು, ಅದರದ್ದೂ 2014ರ ಏಪ್ರಿಲ್‌ನಾಗ ರೀಕಾಲ್ ಆತು, ಜೋಡಸೂ ಮುಂದ ಹಾಕೋ ಅಂಟು ಹೆಚ್ಚಾಗಿತ್ತಂತ. ಹಳೇವಕ್ಕ ಪುಕ್ಕಟೆ ಟ್ರಿಗರ್ ಬದಲಿ ಕೊಡಸೂ ಸೆಟಲ್‌ಮೆಂಟ್ ಒಂದಿತ್ತು, ಅದರ ಗಡುವು 2020ಕ್ಕ ಮುಗೀತು, ಅದೇ ವರ್ಷ ಹಳೇ ಕಂಪನಿನೂ ದಿವಾಳಿ ಕೋರ್ಟಿನಾಗ ತುಂಡು ತುಂಡಾಗಿ ಮಾರಾಟ ಆಗಿ ಹೋತು.

ಹಂಗಂತ ಬಂದೂಕು ಕೆಟ್ಟದ್ದೇನ್ರಿ? ಅಲ್ಲ. ಬ್ಯಾರಲ್ಲು (ನಳಿಗಿ), ಆಕ್ಷನ್ನು (ಬೋಲ್ಟ್ ಕೂಡೋ ಒಳಗಿನ ಯಂತ್ರ) ಭಾರಿ ಗಟ್ಟಿ, ಅಮೆರಿಕದ ಸೈನ್ಯದ ಎಂ24, ಮರೀನ್ಸ್‌ನ ಎಂ40 ಸ್ನೈಪರ್ ರೈಫಲ್ ಇದರ ಆಕ್ಷನ್ ಮ್ಯಾಲೆನ ಕಟ್ಟಿದ್ದು. ಟಿಮ್ನಿಯಂಥ ಬ್ಯಾರೆ ಟ್ರಿಗರ್ ಹಾಕಿಸಿದ್ರ ವಾಕರ್‌ನ ಕಾಟ ಮುಗೀತು, ಟ್ರಿಗರ್‌ಗೇ ನೂರೈವತ್ತು ಡಾಲರ್ ಆಸುಪಾಸು, ಕೂಲಿ ಬ್ಯಾರೆ. ಹೊಸ ಟ್ರಿಗರ್ ಜೊತಿಗೇ ಸೇಫ್ಟಿನೂ ಬರ್ತದ, ಬೋಲ್ಟ್ ಲಾಕ್ ಇರಲಾರದ್ದನ್ನ ಕೇಳಿ ಹಾಕಸ್ರಿ. ನೀವ ಬಿಚ್ಚಿ ಮಾಡಾಕ ಹೋಗಬ್ಯಾಡ್ರಿ. ಮತ್ತ ನಿಮ್ಮ ಆಫೀಸಿನ ಹಿರಿಯರು "ಮೂವತ್ತು ವರ್ಷ ಹೊಡದೇನಿ, ಒಮ್ಮೆನೂ ಹಂಗಾಗಿಲ್ಲ" ಅಂದ್ರ ನಂಬಬ್ಯಾಡ್ರಿ, ಅವರು ಸುಳ್ಳು ಹೇಳ್ತಾರ ಅಂತಲ್ಲ, ಈ ದೋಷ ಯಾವಾಗರ ಒಮ್ಮೆ ಬರೂದು, ಅಂಗಡ್ಯಾಗ ನೂರು ಸಲ ಖಾಲಿ ಹೊಡದು ನೋಡಿದ್ರೂ ಬರ್ಲಿಕ್ಕಿಲ್ಲ.

ಶಾಂತಲಾ_ಕೆ:

ಅಷ್ಟು ಚೆಂದದ ಜಿಂಕೆ ಹೊಡ್ದು ಏನ್ ಸಿಗತ್ತಪ್ಪ ನಿಮಗೆಲ್ಲ? ಕ್ಯಾಮೆರಾ ತಗೊಂಡ್ ಹೋಗ್ಬಾರ್ದಾ.

ಹಳೇ_ಹ್ಯೂಸ್ಟನ್:

ಶಾಂತಲಾ ಮೇಡಂ, ಬೇಡ ಅನ್ನೋರಿಗೆ ನಾನು ಯಾವತ್ತೂ ಒತ್ತಾಯ ಮಾಡಿಲ್ಲ. ಟೆಕ್ಸಸಲ್ಲಿ ವೈಟ್‌ಟೇಲ್ 50 ಲಕ್ಷಕ್ಕೂ ಮೇಲಿದಾವೆ, ಲಾನೋ ಸುತ್ತಮುತ್ತ ಅಂತೂ ಮೇವಿಗಿಂತ ಜಿಂಕೆ ಜಾಸ್ತಿ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್ಲು, ಗುಂಡಿನ ಮೇಲೆ 11 ಪರ್ಸೆಂಟ್ ತೆರಿಗೆ ಇದೆ, ಆ ದುಡ್ಡು ವನ್ಯಜೀವಿ ಕೆಲಸಕ್ಕೇ ಹೋಗತ್ತೆ. ಚರ್ಚೆ ಬೇಕಾದ್ರೆ ಬೇರೆ ಥ್ರೆಡ್ ತೆಗೀರಿ, ಖಂಡಿತ ಬರ್ತೀನಿ, ಇಲ್ಲಿ ಹುಡುಗನ ಪ್ರಶ್ನೆ ಮುಗಿಸೋಣ.

ಸುಮಾ_ಸ್ಯಾನ್‌ಆಂಟೋನಿಯೋ:

ಕಾರ್ಟ್ರಿಜ್ (ಅಂದ್ರೆ ತೋಟಾ) ವಿಷ್ಯ ನಾನು ಹೇಳ್ತೀನಿ, ಯಾಕಂದ್ರೆ ಗಂಡಸರನ್ನ ಕೇಳಿದ್ರೆ ಎಲ್ರೂ ತಮಗಿಂತ ಒಂದ್ ಸೈಜ್ ದೊಡ್ಡದನ್ನೇ ಹೇಳೋದು 😀

ರಾಘು, ನೀವು .22 ಬಿಟ್ರೆ ಏನೂ ಹೊಡೆದಿಲ್ಲ ಅಂದ್ರಿ. .30-06 ಅಂದ್ರೆ 1906ರಿಂದ ಇರೋ ಕಾರ್ಟ್ರಿಜ್ಜು, ಜಿಂಕೆಯಿಂದ ಎಲ್ಕ್‌ವರೆಗೂ ಎಲ್ಲಾ ಹೊಡೆಯತ್ತೆ, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಏಳೂವರೆ ಪೌಂಡ್ ತೂಕದ ರೈಫಲಲ್ಲಿ ಅದರ ಒದೆತ ಸುಮಾರು 20 ಫುಟ್-ಪೌಂಡ್ ಬರತ್ತೆ, .308ಗೆ 17-18, 6.5 ಕ್ರೀಡ್‌ಮೂರ್‌ಗೆ 12-13, .243ಗೆ ಹೆಚ್ಚಂದ್ರೆ 10. ಕಾಗದದ ಮೇಲೆ ಸಣ್ಣ ವ್ಯತ್ಯಾಸ ಅನ್ಸತ್ತೆ. ಬೆಂಚ್ ಮೇಲೆ ಕೂತು ಒಂದು ಡಬ್ಬ ಗುಂಡು ಹೊಡೀರಿ, ಆಮೇಲೆ ಭುಜ ಕೇಳಿ. ನೋವು ಮುಖ್ಯ ಅಲ್ಲ, ಭಯ. ಟ್ರಿಗರ್ ಎಳೆಯೋ ಮುಂಚೆನೇ ಕಣ್ಣು ಮುಚ್ಚಿಕೊಳ್ಳೋದು, ಭುಜ ಮುಂದಕ್ಕೆ ತಳ್ಳೋದು ಶುರುವಾಗತ್ತೆ, ಅದೊಂದು ಅಭ್ಯಾಸ ಅಂಟಿಕೊಂಡ್ರೆ ಬಿಡಿಸೋದು ಕಷ್ಟ. ಜಿಂಕೆ ಹೊಟ್ಟೆಗೆ ಬಿದ್ದು ಅದು ಪೊದೆಯೊಳಗೆ ಓಡಿಹೋಗಿ ರಾತ್ರಿಯೆಲ್ಲ ನರಳೋದು ಹೀಗೇ, ಕಾರ್ಟ್ರಿಜ್ ಚಿಕ್ಕದಾಯ್ತು ಅಂತಲ್ಲ.

ಹಿಲ್ ಕಂಟ್ರಿ (ಲಾನೋ ಇರೋ ಗುಡ್ಡಗಾಡು) ಜಿಂಕೆ ದೊಡ್ಡದೇನಲ್ಲ, ಒಳ್ಳೇ ಗಂಡು ಜಿಂಕೆನೂ 50-60 ಕೇಜಿ ದಾಟೋದು ಅಪರೂಪ, ಬ್ಲೈಂಡಲ್ಲಿ (ಅಡಗಿ ಕೂರೋ ಗೂಡು) ಕೂತು ಫೀಡರ್ (ಮೇವು ಹಾಕೋ ಡಬ್ಬ) ಹತ್ರ ಬಂದಿದ್ದನ್ನ ಹೊಡೆಯೋದು, ದೂರ ನೂರು ಯಾರ್ಡ್ ಆಚೀಚೆ. ಅದಕ್ಕೆ .243 ಧಾರಾಳವಾಗಿ ಸಾಕು, ನಾನು ಅದನ್ನೇ ಹೊಡೆಯೋದು. ಹಂದಿಗೂ ಆಗತ್ತೆ, ಆದ್ರೆ ದೊಡ್ಡ ಗಂಡು ಹಂದಿಗೆ ಭುಜದ ಮೇಲೆ ಗಟ್ಟಿ ಚರ್ಮದ ಕವಚ ಬೆಳೆದಿರತ್ತೆ, ಎಲ್ಲಿಗೆ ಹೊಡೀಬೇಕು ಅಂತ ಕೈ ಪಳಗಿರಬೇಕು. ಜಿಂಕೆ, ಹಂದಿ ಎರಡಕ್ಕೂ ಒಂದೇ ರೈಫಲ್ ಅಂದ್ರೆ ನನ್ನ ಓಟು .308ಗೆ ಅಥವಾ 7ಎಂಎಂ-08ಗೆ. .243 ಸೇರಿ ಈ ಮೂರೂ ಒಂದೇ ಮನೆಯವು, 1952ರಲ್ಲಿ .308 ಬಂತು, ಅದರ ಕೇಸನ್ನೇ (ಮದ್ದು ತುಂಬೋ ಹಿತ್ತಾಳೆ ಕೊಳವೆ) ಕತ್ತು ಕಿರಿದು ಮಾಡಿ 1955ರಲ್ಲಿ .243 ಮಾಡಿದ್ರು, 1980ರಲ್ಲಿ 7ಎಂಎಂ-08. 6.5 ಕ್ರೀಡ್‌ಮೂರ್ 2007ರದ್ದು, ಟಾರ್ಗೆಟ್ ಸ್ಪರ್ಧೆಗೆ ಅಂತ ಹಾರ್ನಡಿಯವ್ರು ಮಾಡಿದ್ದು, ಒಳ್ಳೇದೇ, ಆದ್ರೆ ಅದರ ಹೆಚ್ಚುಗಾರಿಕೆ ಎಲ್ಲಾ ನಾನೂರು ಯಾರ್ಡ್ ಆಚೆ. ನಿಮಗೆ ಅಷ್ಟು ದೂರ ಹೊಡೆಯೋ ಕೆಲಸವೇ ಇಲ್ಲ, ಹೊಡೆಯೋಕೆ ಹೋಗಲೂಬೇಡಿ.

ಕೊನೇಗೆ ಹತ್ತಿರದ ಅಂಗಡಿ ಶೆಲ್ಫ್ ಮೇಲೆ ಯಾವುದು ಸಾಲಾಗಿ ಕೂತಿದೆ ಅಂತ ನೋಡಿ ತಗೊಳ್ಳಿ. 2020-21ರಲ್ಲಿ ಗುಂಡೇ ಸಿಗದ ಕಾಲ ಬಂತಲ್ಲ, ವಿಚಿತ್ರ ಕಾರ್ಟ್ರಿಜ್ ಇಟ್ಕೊಂಡೋರು ಸೀಸನ್ ಪೂರ್ತಿ ಬಾಯಿ ಬಾಯಿ ಬಿಟ್ಕೊಂಡು ಕೂತಿದ್ರು. ಮತ್ತೆ ಅಗ್ಗ ಅಂತ ಮಿಲಿಟರಿ ಥರದ ಎಫ್‌ಎಂಜೆ ಗುಂಡನ್ನ ಬೇಟೆಗೆ ಒಯ್ಯಬೇಡಿ, ಅದು ಹಿಗ್ಗದೇ ಸೂಜಿ ಥರ ತೂರಿಹೋಗತ್ತೆ, ಪ್ರಾಣಿ ಬೇಗ ಸಾಯಲ್ಲ, ಎಷ್ಟೋ ರಾಜ್ಯಗಳಲ್ಲಿ ನಿಷೇಧನೂ ಇದೆ. ಸಾಫ್ಟ್ ಪಾಯಿಂಟ್ (ತುದಿ ಮೆತ್ತಗಿದ್ದು ಹಿಗ್ಗೋ ಗುಂಡು) ಸಾಕು, .308ಗೆ 150 ಗ್ರೇನ್ ತೂಕದ್ದು. ಮಗಳೂ ಮಾಂಸ ತಿಂತಾಳೆ ಅಂದ್ರೆ ಇನ್ನೂ ಒಂದ್ ಹೆಜ್ಜೆ ಹೋಗಿ ಪೂರ್ತಿ ತಾಮ್ರದ ಗುಂಡು ತಗೊಳ್ಳಿ. ಸೀಸದ ಗುಂಡು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಮಾಂಸದಲ್ಲಿ ಉಳ್ಕೊಳತ್ತೆ, ಕ್ಯಾಲಿಫೋರ್ನಿಯಾದಲ್ಲಂತೂ 2019 ಜುಲೈಯಿಂದ ಬೇಟೆಗೆ ಸೀಸವೇ ಬಂದ್. ನಮ್ಮನೇಲಿ ತಾಮ್ರನೇ, ಡಬ್ಬಕ್ಕೆ ಹತ್ತು ಹದಿನೈದು ಡಾಲರ್ ಹೆಚ್ಚು, ಆದ್ರೆ ಬೇಟೆಗೆ ಖರ್ಚಾಗೋ ಗುಂಡು ಎಷ್ಟು ಮಹಾ.

ಕಾಫಿತೋಟ_ವಿರಾಜಪೇಟೆ:

ಅಮೆರಿಕದ ಕಾನೂನು ನನಗೆ ಗೊತ್ತಿಲ್ಲ, ನಾನು ಕೊಡಗಿನಲ್ಲೇ ಇರೋದು. ಇಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಲ್ಲ, ಕೋವಿ ಮಾತ್ರ ಮನೆಮನೆಯಲ್ಲಿ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರೋದು ನಿಮಗೆಲ್ಲ ಗೊತ್ತಿರಬಹುದು, ಈಗಿನ ಅಧಿಸೂಚನೆ 2029ರವರೆಗೆ. ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧಗಳ ಹಬ್ಬ) ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ, ಮಕ್ಕಳು ಕೋವಿ ನೋಡ್ತಾನೇ ಬೆಳೆಯೋದು. ರಾಘು ಅವರ ಮನೆಯವರು ಸೇಫ್ಟಿ ಕೇಳಿದ್ದಕ್ಕೆ ಬರೀತಿದ್ದೇನೆ.

ನಮ್ಮಲ್ಲಿ ಕೇಪಿನ ಕೋವಿಗೆ (ಬಾಯಿಂದ ಮದ್ದು ತುಂಬೋ ಹಳೇ ಕೋವಿ) ಸೇಫ್ಟಿ ಅನ್ನೋದೇ ಇಲ್ಲ. ಹಾಗಾಗಿ ಹಿರಿಯರು ಕಲಿಸಿದ್ದು ಕೋವಿಯ ಬಾಯಿ ಎಲ್ಲಿ ತಿರುಗಿದೆ ಅಂತ ಸದಾ ನೋಡ್ಕೋ ಅಂತ, ಅಷ್ಟೇ. ಹತ್ತು ವರ್ಷದ ಹುಡುಗ ಖಾಲಿ ಕೋವಿಯ ನಳಿಗೆಯನ್ನು ಅಪ್ಪಿತಪ್ಪಿ ಮನುಷ್ಯರ ಕಡೆ ತಿರುಗಿಸಿದರೂ ಬೆನ್ನಿಗೆ ಬೀಳ್ತಿತ್ತು, ಖಾಲಿ ಅಂತ ಹೇಳಿದರೆ ಇನ್ನೊಂದು ಬೀಳ್ತಿತ್ತು. ಬಸು ಅವರು ಹೇಳಿದ ಆ ರೆಮಿಂಗ್ಟನ್ ಕಥೆ ನೋಡಿ, ಯಂತ್ರ ಕೈಕೊಟ್ಟರೂ ನಳಿಗೆ ನೆಲದ ಕಡೆ ಇದ್ದಿದ್ದರೆ ಮಣ್ಣಿಗೆ ಒಂದು ಗುಂಡಿ ಬೀಳ್ತಿತ್ತು, ಅಷ್ಟೇ ಆಗ್ತಿದ್ದದ್ದು. ಇನ್ನು ಜೋಡು ನಳಿಗೆ ಕೋವಿ ಮುರಿದು ಹಿಡಿದರೆ ಖಾಲಿ ಅನ್ನೋದು ಎದುರಿಗಿರುವವರಿಗೂ ಕಾಣುತ್ತೆ, ನಿಮ್ಮ ರೈಫಲಿನಲ್ಲಿ ಬೋಲ್ಟ್ ಹಿಂದಕ್ಕೆ ಎಳೆದಿಟ್ಟರೆ ಅದೇ ಲೆಕ್ಕ. ಯಾರ ಕೈಗಾದರೂ ಕೊಡುವಾಗ, ಬೇಲಿ ದಾಟುವಾಗ, ಅಟ್ಟಣಿಗೆ ಹತ್ತುವಾಗ ಬೋಲ್ಟ್ ತೆರೆದು ತೋಟಾ ತೆಗೆದಿರಬೇಕು. ಅಟ್ಟಣಿಗೆಗೆ ಕೋವಿ ಹಿಡಿದುಕೊಂಡು ಹತ್ತಬೇಡಿ, ಖಾಲಿ ಮಾಡಿ ಹಗ್ಗ ಕಟ್ಟಿ ಆಮೇಲೆ ಎಳ್ಕೊಳ್ಳಿ.

ಮತ್ತೊಂದು ಸಣ್ಣದು, ಆದರೆ ನೆನಪಿಟ್ಕೊಳ್ಳಿ. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಬರುವಾಗ ಯಾವ ಕಾರಣಕ್ಕೂ ಬಳಸಬೇಡಿ. ಮೂಲೆಯಲ್ಲಿ ಮರೆತ ಒಂದು ತೋಟಾ ಬೆಂಗಳೂರು ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಸಿಕ್ಕಿದರೆ ಆರ್ಮ್ಸ್ ಆಕ್ಟ್ ಕೇಸು, ಇದ್ದಷ್ಟು ರಜೆ ಸ್ಟೇಷನ್ನು ಕೋರ್ಟು ಅಂತ ಕಳೆದುಹೋಗುತ್ತೆ.

ರೌಂಡ್‌ರಾಕ್_ರಾಘು:

ಅಬ್ಬಾ, ಇಷ್ಟೊಂದು ಬರೀತೀರ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಲೈಸೆನ್ಸ್ ವಿಷ್ಯ ನನಗೆ ಗೊತ್ತೇ ಇರ್ಲಿಲ್ಲ ಹ್ಯೂಸ್ಟನ್ ಸಾರ್, ಹಂಟರ್ ಎಜುಕೇಷನ್ ಕ್ಲಾಸಿಗೆ ಹೆಸರು ಬರೆಸಿದೆ, ಹೆಂಡ್ತಿನೂ ಬರ್ತೀನಿ ಅಂದ್ಲು, ಬೇಟೆಗಲ್ಲ, ಕ್ಲಾಸಿಗೆ. ಕಾಫಿತೋಟ ಅವರ ಪೋಸ್ಟ್ ಅವಳಿಗೇ ಓದಿ ಹೇಳಿದೆ.

700 ಕೈಬಿಟ್ಟೆ, 350ಕ್ಕೆ ಟ್ರಿಗರ್ರು ಕೂಲಿ ಎಲ್ಲಾ ಸೇರಿಸಿದ್ರೆ ಹೊಸ ರೂಗರ್ ರೇಟೇ ಬರ್ತಿದೆ, ಸ್ಟಾಕು ನೋಡಿ ಹೊಟ್ಟೆ ಉರಿಯೋದು ನಿಜ. ಈಗ .308ರಲ್ಲಿ ರೂಗರ್ ಅಮೆರಿಕನ್ನಾ, ಟಿಕ್ಕಾ ಟಿ3ಎಕ್ಸಾ, ಸ್ಯಾವೇಜಾ? ಸೇಫ್ಟಿ ಲೆಕ್ಕದಲ್ಲಿ ಹೇಳಿ ಬಸು ಸಾರ್. ಮತ್ತೆ ಆ ರಾಂಚಲ್ಲಿ ಎಆರ್-15 (ಮಿಲಿಟರಿ ಥರದ ಸೆಮಿ ಆಟೋಮ್ಯಾಟಿಕ್ ರೈಫಲ್) ಕೂಡ ಇದೆ, ಹಂದಿಗೆ ಅದನ್ನೂ ತಗೊಂಡು ಹೋಗ್ತಾರಂತೆ, ಎರಡು ಥರದ ಗುಂಡು ಜೊತೇಲಿದ್ರೆ ತೊಂದ್ರೆ ಏನಿಲ್ಲ ತಾನೆ?

ಬೋಲ್ಟ್_ಬಸು:

ತೊಂದ್ರಿ ಅದ, ಮೊದಲ ಅದನ್ನ ಹೇಳ್ತೀನಿ. ಎಆರ್‌ನಾಗ .223 ಮತ್ತ .300 ಬ್ಲ್ಯಾಕೌಟ್ ಅಂತ ಎರಡು ಬರ್ತಾವು, ಎರಡಕ್ಕೂ ಒಂದ ಮ್ಯಾಗಜಿನ್ನು, ಒಂದ ಬೋಲ್ಟು, ಕೇಸಿನ ಬುಡನೂ ಒಂದ. .300 ಬ್ಲ್ಯಾಕೌಟಿನ ಗುಂಡು .223 ಬಂದೂಕಿನೊಳಗ ಹೋತು ಅಂದ್ರ, ಕೆಲವು ಗುಂಡು ಬೋಲ್ಟ್ ಪೂರ್ತಿ ಮುಚ್ಚೂ ತನಕಾ ಹೋಗ್ತಾವು, ಟ್ರಿಗರ್ ಒತ್ತಿದ್ರ ದಪ್ಪ ಗುಂಡು ಸಣ್ಣ ಬ್ಯಾರಲ್‌ನೊಳಗ ಸಿಕ್ಕಿ ಬಂದೂಕು ಕೈಯಾಗ ಒಡೀತದ. ಹಿಂಗ ಆಗಿದ್ದು ಬ್ಯಾಡಂದ್ರೂ ಬಹಳ ಅದಾವು. ಅವರ ಕಡೆ ಎರಡೂ ಇದ್ರ ಮ್ಯಾಗಜಿನ್‌ಗೆ ಬ್ಯಾರೆ ಬ್ಯಾರೆ ಬಣ್ಣದ ಟೇಪ್ ಸುತ್ತಲಿಕ್ಕ ಹೇಳ್ರಿ, ಒಂದ ದಿನಕ್ಕ ಎರಡೂ ಒಯ್ಯಬ್ಯಾಡ್ರಿ. ಯಾವ ಬಂದೂಕ ಇರ್ಲಿ, ಬ್ಯಾರಲ್ ಮ್ಯಾಲೆ ಬರದದ್ದು ಮತ್ತ ಗುಂಡಿನ ಬುಡದಾಗ ಬರದದ್ದು ಎರಡೂ ಓದಿ ಹಾಕೂದು.

ಅದರ ಜೋಡಿಗೇ ಇನ್ನೆರಡು. ಟ್ರಿಗರ್ ಒತ್ತಿದ್ರಿ, ಟಕ್ ಅಂತು, ಗುಂಡು ಹಾರಲಿಲ್ಲ ಅಂದ್ರ ಲಗೂನ ಬೋಲ್ಟ್ ತೆರೀಬ್ಯಾಡ್ರಿ, ತಡದು ಹಾರೋದೂ ಉಂಟು, ನಳಿಗಿ ಸುರಕ್ಷಿತ ಕಡೆ ಇಟ್ಟು ಒಂದು ನಿಮಿಷ ಕಾಯ್ರಿ. ಮತ್ತ ಸಪ್ಪಳ ಸಣ್ಣದಾಗಿ ಬಂತು, ಒದೆತ ಬರಲಿಲ್ಲ ಅಂದ್ರ ಮುಂದಿನ ಗುಂಡು ಹಾಕಲೇಬ್ಯಾಡ್ರಿ, ಹಿಂದಿಂದು ಬ್ಯಾರಲ್‌ನಾಗ ಸಿಕ್ಕಿರಬಹುದು, ಬೋಲ್ಟ್ ಪೂರ್ತಿ ತಗದು ಬೆಳಕು ಕಾಣ್ತದೋ ಇಲ್ಲೋ ನೋಡ್ರಿ. ಕೆಸರಾಗ ನಳಿಗಿ ತಾಗಿದ್ರೂ ಅದೇ ಮಾತು.

ಇನ್ನ ಮೂರರ ಪೈಕಿ. ಟಿಕ್ಕಾ ಫಿನ್‌ಲ್ಯಾಂಡಿನ ಸಾಕೋ ಕಂಪನಿದು, ಬೋಲ್ಟ್ ಜಾರೂದು ನೋಡಿದ್ರ ಬೆಣ್ಣಿ, ಟ್ರಿಗರ್ ಭಾಳ ಚಲೋ, ಆದ್ರ ಎರಡು ಪೊಸಿಷನ್ ಸೇಫ್ಟಿ, ಹಾಕಿದಾಗ ಬೋಲ್ಟ್ ಲಾಕ್, ಅಂದ್ರ ಖಾಲಿ ಮಾಡೂ ಮುಂದ ಸೇಫ್ಟಿ ತಗೀಬೇಕು. ಟ್ರಿಗರ್ ವಾಕರ್‌ನಂಥಾದ್ದಲ್ಲ, ಹಂಗಾಗಿ ನನಗ ಅದರ ಅಂಜಿಕಿ ಇಲ್ಲ, ಆದ್ರ ಹೊಸಬರಿಗೆ ನಾ ಮೂರು ಪೊಸಿಷನ್‌ದ್ದನ್ನ ಹೇಳ್ತೀನಿ, ನಡುವಿನ ಪೊಸಿಷನ್‌ನೊಳಗ ಸೇಫ್ಟಿ ಇದ್ದಂಗನ ಬೋಲ್ಟ್ ತೆರೆದು ಗುಂಡು ತಗೀಲಿಕ್ಕ ಬರ್ತದ. ಸ್ಯಾವೇಜ್ 110ದಾಗ ಅದು ಅದ, ಹೆಬ್ಬೆಟ್ಟಿನ ಕೆಳಗನ ಬರ್ತದ, ಜೊತಿಗೆ ಆಕ್ಯುಟ್ರಿಗರ್, ನಡುವಿನ ಸಣ್ಣ ಬ್ಲೇಡ್ ಒತ್ತಲಿಲ್ಲ ಅಂದ್ರ ಸಿಯರ್ ಜಾರಿದ್ರೂ ಪಿನ್ ಮುಂದ ಹೋಗೂದಿಲ್ಲ. ರೂಗರ್ ಅಮೆರಿಕನ್ ಹಳೇದ್ರಾಗ ಎರಡ ಪೊಸಿಷನ್, ಆದ್ರ ಸೇಫ್ಟಿ ಹಾಕಿದ್ರೂ ಬೋಲ್ಟ್ ತೆರೀತದ, ಹೊಸ ಜನರೇಶನ್ 2ದಾಗ ಮೂರು ಪೊಸಿಷನ್ ಕೊಟ್ಟಾರ. ರೊಕ್ಕ ಬಿಗಿ ಇದ್ರ ರೂಗರ್ ಜನರೇಶನ್ 2 ತಗೊಂಡು ಉಳದ ರೊಕ್ಕದಾಗ ಚಲೋ ಸ್ಕೋಪ್ ಹಾಕ್ರಿ. ಮೌಸರ್ ಉಗುರು, ಕಂಟ್ರೋಲ್ಡ್ ಫೀಡ್ (ಬೋಲ್ಟ್ ಗುಂಡನ್ನ ಗಟ್ಟಿ ಹಿಡಕೊಂಡ ಒಳಗ ಒಯ್ಯೂದು) ಅಂತ ಮಂದಿ ತಲಿ ತಿಂತಾರ, ಅದು ಆಫ್ರಿಕಾದಾಗ ಕಾಡೆಮ್ಮಿ ಎದುರಿಗೆ ನಿಂತೋರ ಚಿಂತಿ, ಫೀಡರ್ ಮುಂದ ಕುಂತೋರದ್ದಲ್ಲ.

ಒಂದು ತಮಾಷಿ ಹೇಳ್ತೀನಿ. ಅಲ್ಲಿ ಹಿಲ್ ಕಂಟ್ರಿಯೊಳಗ ನಮ್ಮ ಚುಕ್ಕಿ ಜಿಂಕಿ ಸಾಕಷ್ಟು ಅದಾವು, 1930ರ ದಶಕದಾಗ ತಂದು ಬಿಟ್ಟದ್ದು, ಕೃಷ್ಣಮೃಗನೂ ಅದಾವು, ದಕ್ಷಿಣಕ್ಕ ಹೋದ್ರ ನೀಲಗಾಯಿ. ಅವಕ್ಕ ಸೀಸನ್ನೇ ಇಲ್ಲ, ವರ್ಷಪೂರ್ತಿ ಹೊಡೀಬಹುದು. ನಾ ರಾಣೆಬೆನ್ನೂರು ಕಡೆಯಾಂವ, ಅಭಯಾರಣ್ಯದಾಗ ಕೃಷ್ಣಮೃಗ ನೋಡ್ಕೋತ ಬೆಳದಾಂವ, ಇಲ್ಲಿ ಬೇಲಿ ಆಚಿ ಅದ ಪ್ರಾಣಿಗೆ ರೇಟ್ ಬೋರ್ಡ್ ಹಾಕಿದ್ದು ನೋಡಿ ಕೈ ಬರ್ಲಿಲ್ಲ ನನಗ. ನೀಲಗಾಯಿ ಯಾರಾದ್ರೂ ಕರದ್ರ .308 ಒಯ್ಯಬ್ಯಾಡ್ರಿ, ಅದು ಭಾರಿ ಗಟ್ಟಿ ಪ್ರಾಣಿ, ಅಲ್ಲಿನ ಗೈಡ್‌ಗಳು .300 ವಿನ್ ಮ್ಯಾಗ್ನಮ್ ಮಟ್ಟದ್ದನ್ನ ಕೇಳ್ತಾರ.

ಸುಮಾ_ಸ್ಯಾನ್‌ಆಂಟೋನಿಯೋ:

ಕಿವಿ ಬಗ್ಗೆ ಯಾರೂ ಹೇಳಿಲ್ವಲ್ಲ! ರೈಫಲ್ ಶಬ್ದ 160 ಡೆಸಿಬಲ್ ದಾಟತ್ತೆ, ತಗಡಿನ ಡಬ್ಬದಂಥ ಬ್ಲೈಂಡ್ ಒಳಗೆ ಇನ್ನೂ ಕೆಟ್ಟದು, ಒಂದೇ ಗುಂಡು ಸಾಕು ಶಾಶ್ವತವಾಗಿ ಕಿವಿ ಗುಂಯ್ ಅನ್ನೋಕೆ. ಪಿಸುಮಾತು ಕೇಳಿಸೋ, ಗುಂಡಿನ ಶಬ್ದ ತಡೆಯೋ ಎಲೆಕ್ಟ್ರಾನಿಕ್ ಮಫ್ ಬರತ್ತೆ, 50 ಡಾಲರಿಂದ ಶುರು. ಮಝಲ್ ಬ್ರೇಕ್ (ನಳಿಗೆ ತುದಿಗೆ ಹಾಕೋ ತೂತಿನ ಕೊಳವೆ) ಇರೋ ಮಾಡೆಲ್ ಬಂದ್ರೆ ಅದನ್ನ ತಿರುಗಿಸಿ ತೆಗೆದಿಡಿ, ಒದೆತ ಕಮ್ಮಿ ಮಾಡತ್ತೆ ಆದ್ರೆ ಶಬ್ದನ ಹಿಂದಕ್ಕೆ ನಿಮ್ಮ ಕಿವಿಗೇ ಎಸೆಯತ್ತೆ. ಮತ್ತೆ ಹಂದಿ ಕೊಯ್ಯುವಾಗ ಗ್ಲೌಸ್ ಹಾಕ್ಕೊಳ್ಳಿ, ಬ್ರೂಸೆಲ್ಲಾ ರೋಗ ಇರತ್ತೆ ಅವಕ್ಕೆ, ಮಾಂಸ 71 ಡಿಗ್ರಿವರೆಗೂ ಬೇಯಲಿ. ಪಂದಿಕರಿ ಮಾಡೋರಿಗೆ ಹೇಳೋದೇ ಬೇಡ ಬಿಡಿ, ಅದು ಬೇಯೋಷ್ಟು ಬೇರೇದು ಬೇಯಲ್ಲ.

ಹಳೇ_ಹ್ಯೂಸ್ಟನ್:

ಸ್ಕೋಪಿಂದು ಒಂದು. ಅಂಗಡೀಲಿ ಬೋರ್‌ಸೈಟ್ ಮಾಡಿ (ಗುಂಡು ಹೊಡೆಯದೇ ಅಂದಾಜಿಗೆ ಸ್ಕೋಪ್ ಹೊಂದಿಸಿ) ಕೊಡ್ತಾರೆ, ಅದನ್ನೇ ನಂಬಿ ರಾಂಚಿಗೆ ಹೋಗಬೇಡಿ, ಕಾಗದದ ಮೇಲೆಲ್ಲೋ ಬೀಳೋ ಹಾಗೆ ಮಾಡಿರ್ತಾರೆ ಅಷ್ಟೇ. ನೂರು ಯಾರ್ಡಲ್ಲಿ ಬೇಟೆಗೆ ಒಯ್ಯೋ ಅದೇ ಡಬ್ಬದ ಗುಂಡಲ್ಲೇ ಝೀರೋ ಮಾಡಿ (ಸ್ಕೋಪಿನ ಗುರಿಯೂ ಗುಂಡು ಬೀಳೋ ಜಾಗವೂ ಒಂದಾಗೋ ಹಾಗೆ ಹೊಂದಿಸೋದು), ಬ್ರ್ಯಾಂಡ್ ಬದಲಾದ್ರೆ ಮತ್ತೆ ಮಾಡಿ. "ಈ ರೈಫಲ್ ಸರಿ ಇಲ್ಲ, ಗುಂಡು ಎಲ್ಲೆಲ್ಲೋ ಹೋಗತ್ತೆ" ಅಂತ ಬಂದು ಅಳೋರಲ್ಲಿ ಮುಕ್ಕಾಲು ಪಾಲು ಜನದ್ದು ಸ್ಕೋಪ್ ರಿಂಗಿನ ಸ್ಕ್ರೂ ಸಡಿಲ ಆಗಿರತ್ತೆ.

ಮನೇಲಿ ಮಗು ಇದೆ ಅಂದ್ರಿ, ಕಬ್ಬಿಣದ ಲಾಕರ್ ರೈಫಲ್‌ಗಿಂತ ಮುಂಚೆ ಮನೆಗೆ ಬರ್ಲಿ, ಗುಂಡು ಬೇರೆ ಕಡೆ, ಬೋಲ್ಟ್ ತೆಗೆದು ಇನ್ನೂ ಬೇರೆ ಕಡೆ. 17ಕ್ಕಿಂತ ಚಿಕ್ಕವರ ಕೈಗೆ ಲೋಡ್ ಆಗಿರೋ ಬಂದೂಕು ಸಿಗೋ ಹಾಗೆ ಬಿಟ್ರೆ ಟೆಕ್ಸಸಲ್ಲೂ ಕ್ರಿಮಿನಲ್ ಕೇಸೇ.

ಇನ್ನು ಎಚ್-1ಬಿ ಇರೋರು ಮರೆಯೋ ದಿನಾಂಕ. ಟೆಕ್ಸಸ್ ಹಂಟಿಂಗ್ ಲೈಸೆನ್ಸ್ ನೀವು ಯಾವಾಗ ತಗೊಂಡ್ರೂ ಆಗಸ್ಟ್ 31ಕ್ಕೆ ಮುಗಿಯತ್ತೆ. ಹೊಸ ವರ್ಷದ್ದು ಆಗಸ್ಟ್ 15ರಿಂದ ಮಾರೋಕೆ ಶುರು ಮಾಡ್ತಾರೆ. ಸೀಸನ್ ನವೆಂಬರಲ್ಲಿ ತಾನೆ ಆಮೇಲೆ ತಗೊಂಡ್ರಾಯ್ತು ಅಂತ ಸೆಪ್ಟೆಂಬರ್, ಅಕ್ಟೋಬರ್ ಸುಮ್ನಿದ್ರೆ ಲಾಕರಲ್ಲಿ ಮಲಗಿರೋ ರೈಫಲ್ಲೂ ಆ ಎರಡು ತಿಂಗಳು ಕಾನೂನಿಗೆ ವಿರುದ್ಧ. ಆಗಸ್ಟ್ 15ಕ್ಕೆ ಫೋನಲ್ಲಿ ಈಗ್ಲೇ ರಿಮೈಂಡರ್ ಹಾಕಿ, ಪ್ರತಿ ವರ್ಷ ರಿಪೀಟ್ ಅಂತ.